ಕಾಶಿಯಲ್ಲಿ ಬಿಟ್ಟ ಹಾಗಲಕಾಯಿ

ನಮ್ಮ ಮನೆಯಲ್ಲಿ ದಿನ ಬಿಟ್ಟು ದಿನ ಹಾಗಲಕಾಯಿ ಪಲ್ಯ. (ಪಿತ್ತಕ್ಕೆ ಒಳ್ಳೆಯದಂತೆ. ನನಗೆ ಪಿತ್ತವಿದೆ ಎಂದು ತೀರ್ಮಾನಿಸಿದವಳು ನನ್ನ ಧರ್ಮಪತ್ನಿ ರಾಜೇಶ್ವರಮ್ಮ.) ಕನ್ನಡನಾಡು ಒಂದಾದ ಮರುವರ್ಷ ಶಿಕಾರಿಪುರದಿಂದ ನಾವಿಬ್ಬರೂ ಕಾಶಿಗೆ ಹೊರಟಾಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ಕಾಶಿಗೆ ಹೋದವರು ತಮಗಿಷ್ಟವಾದ ಕಾಯನ್ನೋ ಹಣ್ಣನ್ನೋ ಬಿಟ್ಟು ಬರಬೇಕಲ್ಲ? ಹಾಗಲಕಾಯಿ ಬಿಟ್ಟರಾಯಿತು!

ರೈಲಿನಲ್ಲಿ ಅವಳು ಕೇಳಿದಳು: “ತ್ಯಜಿಸೋದು ಅಂದ್ರೆ ಏನ್ರೀ? ಕನ್ನಡ ಪಂಡಿತ್ರು ನೀವು, ಬಿಡಿಸಿ ಹೇಳ್ರಿ.”

ಕೇಳಿದ ಮೇಲೆ ಸುಮ್ಮನಿರುವವನೇ ನಾನು? “ಸಂಸ್ಕೃತದ ‘ತ್ಯಜ್’ ಧಾತುವಿಗೆ ನಾವು ‘ಇಸು’ ಹಚ್ಚಿ ಕನ್ನಡ ಮಾಡ್ಕೊಂಡ್ವಿ. ತ್ಯಾಗ ಅದರ ಒಡಹುಟ್ಟು. ಬ್ಯಾಡಾದ್ದನ್ನ ಬಿಸಾಕಿದ್ರೆ ಅದು ಕಸ ಗುಡಿಸಿದಂಗೆ. ಬಿಡೋವಾಗ ಕರುಳು ಚುರುಕ್ ಅನ್ನಬೇಕು!” ಎಂದು ಇಡೀ ಡಬ್ಬಿಗೆ ಕೇಳುವಂತೆ ವ್ಯಾಖ್ಯಾನ ಮಾಡಿದೆ.

ಗಂಗೆಯಲ್ಲಿ ನಿಂತು, “ಪ್ರಾಣಪ್ರಿಯವಾದ ಹಾಗಲಕಾಯಿಯನ್ನು ತ್ಯಜಿಸಿದೆ” ಎಂದು ಗದ್ಗದ ಕಂಠದಿಂದ ಘೋಷಿಸಿದೆ. ಹೆಂಡತಿ ಒಮ್ಮೆ ನನ್ನ ಮುಖ ನೋಡಿದಳು. ಅವಳ ಸರದಿ ಬಂದಾಗ ಪುರೋಹಿತರು, ಕೈಮುಟ್ಟಿದರೆ ಗಂಡನಿಗೂ ಅರ್ಧ ಪುಣ್ಯ ಎಂದರು. ಪುಕ್ಕಟೆ ಪುಣ್ಯ! ಗಬಕ್ಕನೆ ಅವಳ ಕೈ ಹಿಡಿದುಕೊಂಡೆ. ಅವಳು ತುಟಿಯಲ್ಲೇ ಏನೋ ಹೇಳಿ ನೀರು ಬಿಟ್ಟಳು. ಕಣ್ಣು ತುಂಬಿದ್ದವು.

ಊರಿಗೆ ಬಂದು ಊಟಕ್ಕೆ ಕೂತರೆ ಹಾಗಲಕಾಯಿ ಇಲ್ಲ. ಹಿಗ್ಗಿ ಹೀರೇಕಾಯಿಯಾದೆ. ಮೊಸರನ್ನ ಬಂದಾಗ ಎಂದಿನಂತೆ, “ಮಿಡಿ ಹಾಕೇ” ಎಂದೆ. ಸೊರಬದ ಕಡೆ ಹೊಸಬಾಳೆ ಅವಳ ತವರು. ಅಲ್ಲಿಂದ ಬರುವ ಮಾವಿನಮಿಡಿ ಉಪ್ಪಿನಕಾಯಿ ಇಲ್ಲದೆ ನನಗೆ ತುತ್ತು ಇಳಿಯುವುದಿಲ್ಲ. (ಹೆಣ್ಣು ನೋಡಲು ಹೋದಾಗ ನಾನು ಸರಿಯಾಗಿ ನೋಡಿದ್ದು ಅದನ್ನೇ.)

“ಮಿಡಿ ಎಲ್ಲೈತ್ರೀ? ಕಾಶೀಲಿ ಬಿಟ್ವಲ್ಲ.”

“ಬಿಟ್ಟಿದ್ದು ನೀನು!”

“ಕೈಮುಟ್ಟಿದ್ದು ಯಾರು? ಪುಣ್ಯದಾಗೆ ಪಾಲು ಬೇಕು, ಬಿಡೋದ್ರಾಗೆ ಬ್ಯಾಡ್ವಾ?” ಅವಳ ದನಿ ಇಳಿಯಿತು. “ನಮ್ಮವ್ವ ಹಾಕಿದ ಮಿಡಿ ಕಣ್ರೀ. ಇಷ್ಟವಾದ್ದು ಅಂದ್ರೆ ನಂಗೆ ಅದೊಂದೇ ಇದ್ದಿದ್ದು.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ನಾಲಿಗೆ ಕೇಳಬೇಕಲ್ಲ! “ಜಾಡಿ ಎಲ್ಲಿ?”

“ಪಕ್ಕದ್ಮನೆ ಕುಬ್ರಾ ಬೀಗೆ ಕೊಟ್ಟೆ.”

ಅಲ್ಲಿಯೂ ಊಟದ ಹೊತ್ತು. ಗೋಡೆಯಾಚೆಯಿಂದ ಮಿಡಿಯ ಘಮ ತೇಲಿ ಬಂತು. ನಾನು ಕಲಸಿದ ಕೈಯನ್ನು ಹಾಗೇ ಹಿಡಿದು ಕೂತೆ.

“ಕರುಳು ಚುರುಕ್ ಅಂತೈತಾ?” ಎಂದಳು ರಾಜೇಶ್ವರಮ್ಮ.

“ಅಂತೈತೆ ಕಣೇ!”

“ಹಂಗಾದ್ರೆ ಈಗ ತ್ಯಜಿಸಿದ್ರಿ ನೋಡ್ರಿ,” ಎಂದು ಇನ್ನಷ್ಟು ಮೊಸರು ಸುರಿದಳು.