ಎಣ್ಣೆ ಕುಡಿಯದ ಮೂರು ಬ್ಯಾಟುಗಳು

ಟೆನಿಸ್ ಆಟದಲ್ಲಿ ಸೋಲು ಗೆಲುವು ಆಟಗಾರನಲ್ಲಿರುವುದಿಲ್ಲ, ಅವನ ಬ್ಯಾಟಿನಲ್ಲಿರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ರಾಕೆಟ್ ಎನ್ನಬೇಕಂತೆ. ನಮ್ಮ ಚಳ್ಳಕೆರೆಯಲ್ಲಿ ಅದು ಬ್ಯಾಟೇ. ಈ ನಂಬಿಕೆ ಇರದಿದ್ದರೆ, ಆರು ವರ್ಷ ಕ್ಲಬ್ಬಿನ ಎತ್ತರದ ಕುರ್ಚಿಯಲ್ಲಿ ಕುಳಿತು ಬೇರೆಯವರ ಆಟಕ್ಕೆ ಸ್ಕೋರು ಕೂಗುವ ಸಹನೆ ನನಗೆ ಎಲ್ಲಿಂದ ಬರಬೇಕು? ನನ್ನ ಹಳೆಯ ಮರದ ಬ್ಯಾಟು ಸೊಟ್ಟಗಾಗಿತ್ತು. ನಾನು ಹೊಡೆದ ಚೆಂಡೂ ಸೊಟ್ಟಗೆ ಹೋಗುತ್ತಿತ್ತು. ತಪ್ಪು ಯಾರದು?

ಊರಿಗೆ ಕೇಬಲ್ ಟಿವಿ ಬಂದ ಹೊಸತು. ಪರದೇಶದ ಆಟಗಾರರನ್ನು ನೋಡಿ ನೋಡಿ ನನ್ನ ಕೈ ಕಡಿಯುತ್ತಿತ್ತು. ಅಷ್ಟರಲ್ಲಿ ನಮ್ಮ ಕ್ಲಬ್ಬಿನ ನಾಯಕರಾದ ಡಾಕ್ಟರ ಜೊತೆಗಾರನಿಗೆ ವರ್ಗವಾಯಿತು. ಭಾನುವಾರ ಮೊಳಕಾಲ್ಮೂರಿನವರ ಮೇಲೆ ಡಬಲ್ಸ್ ಆಟ!

"ಮಲ್ಲಣ್ಣ, ಶನಿವಾರ ಬೆಳಿಗ್ಗೆ ಕೋರ್ಟಿಗೆ ಬರ್ರಿ. ಒಂದು ಒಳ್ಳೆ ಬ್ಯಾಟು ತರ್ರಿ. ನಿಮ್ಮ ಆಟ ನೋಡ್ತೀನಿ. ಸರಿ ಅನ್ನಿಸಿದ್ರೆ ಕುರ್ಚಿಯಿಂದ ಇಳಿಸಿಬಿಡ್ತೀನಿ," ಎಂದರು ಡಾಕ್ಟರು.

ನಾನು ಎಸ್‌ಟಿಡಿ ಬೂತಿಗೆ ಓಡಿದೆ. ದಾವಣಗೆರೆಯಲ್ಲಿದ್ದ ನನ್ನ ಬಾಮೈದ ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಮೂರು ಹೊಸ ಬ್ಯಾಟುಗಳನ್ನು ಹೊತ್ತು ತಂದ. ಬ್ಯಾಟಿನ ಅಂಗಡಿಯವನು ಅವನ ಗೆಳೆಯ. "ಮೂರನ್ನೂ ಆಡಿ ನೋಡ್ರಿ ಭಾವ. ಒಂದು ಇಟ್ಕೊಳ್ರಿ. ಉಳಿದ ಎರಡು ಹೊಸದರಂಗೇ ವಾಪಸ್ ಬರಬೇಕು," ಎಂದು ಎರಡು ಸಲ ಹೇಳಿ, ಊಟ ಮಾಡಿ ಹೋದ.

ಕರಿಯದು, ಕೆಂಪನೆಯದು, ಹಳದಿಯದು. ಪಡಸಾಲೆಯ ಕನ್ನಡಿಯ ಮುಂದೆ ನಿಂತು ಒಂದೊಂದನ್ನೇ ಬೀಸಿದೆ. ಕರಿಯದು ಹಗುರ. ಕೆಂಪನೆಯದು ಭಾರ. ಹಳದಿಯದನ್ನು ಬೀಸಿದಾಗ ಗೋಡೆಯ ಕ್ಯಾಲೆಂಡರು ಕೆಳಗೆ ಬಿತ್ತು.

ಈಗ ನಮ್ಮ ಮನೆತನದ ಪದ್ಧತಿಯೊಂದನ್ನು ಹೇಳಬೇಕು. ಹೊಸ ಕೊಡಲಿ, ಹೊಸ ಸಲಿಕೆ, ಹೊಸ ಗುದ್ದಲಿ, ಏನೇ ಬರಲಿ, ಹಿಡಿಗೆ ಎಣ್ಣೆ ಕುಡಿಸದೆ ನಾವು ಕೆಲಸಕ್ಕೆ ಇಳಿಯುವುದಿಲ್ಲ. ನಮ್ಮದೋ ಕಡಲೆಕಾಯಿ ಎಣ್ಣೆಯ ಮಿಲ್ಲು. ನನ್ನ ಮರದ ಬ್ಯಾಟಿಗೂ ಅವ್ವ ಎಣ್ಣೆ ಕುಡಿಸಿದ್ದಳು. ಹತ್ತು ವರ್ಷ ಬಾಳಿತ್ತು. ಅವ್ವ ಆ ದಿನ ನನ್ನಿವಾಳದಲ್ಲಿದ್ದ ನನ್ನ ತಂಗಿಯ ಮನೆಗೆ ಹೋಗಿದ್ದಳು. ಪದ್ಧತಿ ಬಿಡಲಾದೀತೆ? ಮೂರೂ ಹಿಡಿಗಳಿಗೆ ನಾನೇ ಧಾರಾಳವಾಗಿ ಎಣ್ಣೆ ಹಚ್ಚಿದೆ.

"ರೀ, ಅದು ಕುಡೀತಾನೇ ಇಲ್ವಲ್ರೀ," ಎಂದಳು ಹೆಂಡತಿ ಗಿರಿಜಾ.

"ಹೊಸದು ನೋಡು, ನಾಚಿಕೆ. ಇನ್ನೊಂದು ಸಲ ಹಚ್ಚಿದ್ರೆ ಕುಡಿಯುತ್ತೆ!"

ಇನ್ನೊಂದು ಸಲ ಹಚ್ಚಿದೆ.

ಶನಿವಾರ ಬೆಳಿಗ್ಗೆ ಬಿಳಿ ಪ್ಯಾಂಟು ಧರಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ಮೂರು ಬ್ಯಾಟುಗಳೊಂದಿಗೆ ಮಣ್ಣಿನ ಕೋರ್ಟಿಗೆ ದಯಮಾಡಿಸಿದೆ. ಕ್ಲಬ್ಬಿನ ಸದಸ್ಯರೆಲ್ಲ ಸೇರಿದ್ದರು. ಮೊದಲು ಕರಿಯದು. ಚೆಂಡನ್ನು ಮೇಲಕ್ಕೆ ಎಸೆದೆ. ಇದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದೆ.

ಚೆಂಡು ನನ್ನ ಕಾಲ ಬಳಿ ಬಿತ್ತು. ಬ್ಯಾಟು ನೆಟ್ಟಿನ ಆಚೆ ಹೋಯಿತು!

ಎದುರಿಗಿದ್ದ ಡಾಕ್ಟರು ಕುಳಿತುಬಿಟ್ಟರು. ಆದ್ದರಿಂದ ಉಳಿದರು. "ಬಹಳ ಹಗುರ ಐತ್ರೀ ಇದು, ನಿಲ್ಲಂಗಿಲ್ಲ," ಎಂದು ನಾನು ಗಂಭೀರವಾಗಿ ಪರೀಕ್ಷಾ ವರದಿ ಕೊಟ್ಟೆ.

ಎರಡನೆಯದು ಕೆಂಪನೆಯದು. ಭಾರದ್ದು, ಎಲ್ಲಿಗೂ ಹೋಗದು ಎಂದುಕೊಂಡೆ. ತೋಳನ್ನು ಹಿಂದಕ್ಕೆ ಎಳೆದದ್ದಷ್ಟೇ ನೆನಪು. ಅದು ಹಿಂದಕ್ಕೇ ಹಾರಿ, ಕಾಂಪೌಂಡು ದಾಟಿ, ಪರಶುರಾಂಪುರದ ಕಡೆ ಹೊರಟಿದ್ದ ಟ್ರ್ಯಾಕ್ಟರಿನ ಈರುಳ್ಳಿ ಚೀಲಗಳ ಮೇಲೆ ಆಸೀನವಾಯಿತು. ನಾನು ಸ್ಕೂಟರು ಹತ್ತಿದೆ. ಎಕ್ಸಿಲರೇಟರು ತಿರುಗಿಸಿದರೆ ಕೈ ಮಾತ್ರ ತಿರುಗುತ್ತದೆ, ಸ್ಕೂಟರು ಓಡುವುದಿಲ್ಲ! ಬಿಳಿ ಪ್ಯಾಂಟಿಗೆ ಕೈ ಒರೆಸಿಕೊಂಡು ಅಟ್ಟಿಸಿಕೊಂಡು ಹೋಗಿ, ಎರಡು ಮೈಲಿ ಆಚೆ ಹಿಡಿದೆ.

"ಬೇಡ ಅಂತ ಎಸೆದ್ರೇನೋ ಅಂದ್ಕೊಂಡೆ ಸಾವ್ಕಾರ್ರೇ," ಎಂದ ಡ್ರೈವರು ಬ್ಯಾಟು ಕೊಡುತ್ತ. "ಇದೇನ್ರೀ, ಮೀನು ಹಿಡಿದಂಗೆ ಜಾರ್ತೈತೆ!"

ಮರಳಿ ಬಂದು ಹಳದಿಯದನ್ನು ಎರಡೂ ಕೈಯಿಂದ ಅವುಚಿ ಹಿಡಿದೆ. ಬ್ಯಾಟು ನಿಂತಿತು, ನಾನೇ ಅದರ ಸುತ್ತ ತಿರುಗಿ ಮಣ್ಣಿಗೆ ಬಿದ್ದೆ. ಎಬ್ಬಿಸಲು ಕೈ ಕೊಟ್ಟ ಡಾಕ್ಟರು ತಮ್ಮ ಅಂಗೈಯನ್ನು ನೋಡಿಕೊಂಡರು. ಮೂಸಿದರು.

"ಮಲ್ಲಣ್ಣ, ಇದು ಕಡ್ಲೆಕಾಯಿ ಎಣ್ಣೆ ಅಲ್ವೇನ್ರೀ?"

ಇಡೀ ಕ್ಲಬ್ಬು ನಕ್ಕಿತು. ಆದರೂ ಡಾಕ್ಟರು ಒಳ್ಳೆಯವರು. "ತೊಳೆದು ಒಣಗಿಸಿ, ನಾಳೆ ಏಳಕ್ಕೆ ಜೀಪಿನ ಹತ್ರ ಬರ್ರಿ. ಒಂದಾದ್ರೂ ಕೈಯಾಗೆ ನಿಂತ್ರೆ ನೀವೇ ಆಡ್ರಿ," ಎಂದರು.

ಇನ್ನೂ ಆಸೆ ಇತ್ತು! ಮನೆಗೆ ಬಂದು ಸೀಗೆಪುಡಿ ಹಾಕಿ ಮೂರನ್ನೂ ತಿಕ್ಕಿದೆ. ಮಾಳಿಗೆಯ ಮೇಲೆ ಉರಿಬಿಸಿಲಿಗೆ ಇಟ್ಟೆ. ಮೂರು ಗಂಟೆ ಬಿಟ್ಟು ಹೋಗಿ ನೋಡಿದರೆ ಹಿಡಿಯ ರಬ್ಬರ್ ಪಟ್ಟಿಗಳ ಅಂಟು ಕರಗಿ, ಮೂರೂ ಸುರುಳಿ ಬಿಚ್ಚಿಕೊಂಡು ಗಾಳಿಗೆ ಹಾರಾಡುತ್ತಿದ್ದವು. ನನಗೆ ಅಳುವೇ ಬಂತು. ಅದೇ ಹೊತ್ತಿಗೆ ತಂಗಿಯ ಊರಿಂದ ಬಂದ ಅವ್ವ, ಗಿರಿಜಾಳಿಂದ ಎಲ್ಲ ಕೇಳಿಕೊಂಡು ಮಾಳಿಗೆ ಹತ್ತಿದಳು.

"ಲೇ, ಎಣ್ಣೆ ಕುಡಿಸೋದು ಮರಕ್ಕೆ ಕಣಪ್ಪ. ರಬ್ಬರಿಗೆ ಯಾರಾದ್ರೂ ಕುಡಿಸ್ತಾರಾ? ಇಪ್ಪತ್ತು ವರ್ಷದಿಂದ ಎಣ್ಣೆ ಮಿಲ್ಲು ನಡೆಸ್ತೀಯಾ!"

ಭಾನುವಾರ ನನ್ನ ಬದಲಿಗೆ ಕ್ಲಬ್ಬಿನ ಇನ್ನೊಬ್ಬ ಸದಸ್ಯರಾದ ಎಂಜಿನಿಯರು ಆಡಿದರು. ನಾನೂ ಜೀಪಿನಲ್ಲಿ ಹೋದೆ. ಮೊಳಕಾಲ್ಮೂರಿನವರ ಬಳಿ ಎತ್ತರದ ಕುರ್ಚಿ ಇರಲಿಲ್ಲವಾಗಿ, ನಮ್ಮದನ್ನೇ ಜೀಪಿನ ಮೇಲೆ ಕಟ್ಟಿದ್ದರು. ದಾರಿಯುದ್ದಕ್ಕೂ ಅದು ನನ್ನ ತಲೆಯ ಮೇಲೆಯೇ ಗಡಗಡ ಎನ್ನುತ್ತಿತ್ತು. ನಾವು ಗೆದ್ದೆವು. ಅಂದರೆ, ನಾವು ಗೆದ್ದೆವೆಂದು ನಾನು ಕೂಗಿದೆ.

ವಾಪಸ್ ಕೊಡುವ ಸ್ಥಿತಿಯಲ್ಲಿರದ ಮೂರು ಬ್ಯಾಟುಗಳೂ ನಮ್ಮ ಮನೆಯಲ್ಲೇ ಉಳಿದವು. ಸಂಜೆ ಬಂದು ಮಾಳಿಗೆ ಹತ್ತಿದೆ. ಅವ್ವ ಕರಿಯ ಬ್ಯಾಟಿನಿಂದ ಒಣಹಾಕಿದ ಕಡಲೆಬೀಜದ ಮೇಲಿನ ಕಾಗೆ ಓಡಿಸುತ್ತಿದ್ದಳು. ಗಿರಿಜಾ ಕೆಂಪನೆಯದರಿಂದ ಕಂಬಳಿಯ ಧೂಳು ಬಡಿಯುತ್ತಿದ್ದಳು. ಬರಿಯ ಹಿಡಿಗಳಿಗೆ ಇಬ್ಬರೂ ಹಳೆ ಸೀರೆಯ ತುಂಡು ಸುತ್ತಿದ್ದರು.

"ಇದು ಹಗುರ ಐತೆ ಕಣಪ್ಪ. ಎಷ್ಟು ಬೀಸಿದ್ರೂ ರಟ್ಟೆ ನೋಯಲ್ಲ," ಎಂದಳು ಅವ್ವ.

"ಇದರ ಭಾರ ಎಲ್ಲಾ ತಲೆ ಕಡೆಗೈತೆ ರೀ. ಮೆಲ್ಲಗೆ ಹೊಡೆದ್ರೂ ಏಟು ಜೋರು ಬೀಳುತ್ತೆ," ಎಂದಳು ಗಿರಿಜಾ.

ನಾನು ಎರಡು ದಿನ ಒದ್ದಾಡಿ ಕಂಡುಹಿಡಿಯಬೇಕೆಂದಿದ್ದದ್ದು ಇದನ್ನೇ.

"ಹಳದೀದು?" ಎಂದೆ.

"ಅದು ನಿನಗೇ. ಬಟ್ಟೆ ಸುತ್ತಿಟ್ಟೀನಿ," ಎಂದಳು ಅವ್ವ.

ನೀರಿನ ತೊಟ್ಟಿಯ ಮೇಲೆ ಒಂದು ಕಾಗೆ ಕುಳಿತಿತ್ತು. ಬ್ಯಾಟು ಹಿಡಿದೆ. ಆಹಾ, ಜಾರಲಿಲ್ಲ! ಟಿವಿಯಲ್ಲಿ ಕಂಡ ಹಾಗೆ ಮೊಣಕಾಲು ಬಗ್ಗಿಸಿ, ಸೊಂಟ ತಿರುಗಿಸಿ, ಭರ್ ಎಂದು ಬೀಸಿದೆ. ಕಾಗೆ ನನ್ನನ್ನು ನೋಡಿತು. ಕದಲಲಿಲ್ಲ.

ಅವ್ವ ಒಂದು ಸಲ ಕೆಮ್ಮಿದಳು. ಕಾಗೆ ಹಾರಿಹೋಯಿತು.

"ಫಿಫ್ಟೀನ್ ಲವ್," ಎಂದು ಕುರ್ಚಿಯಲ್ಲಿ ಕುಳಿತವನಂತೆ ಕೂಗಿದೆ, ಮೊದಲ ಪಾಯಿಂಟು ಅವ್ವನಿಗೆ.