ಅತ್ತೆಯ ಬೆನ್ನ ಮೇಲೆ ಬಿದ್ದ ಡಿಕ್ಕಿ

ಮುರುಗೆಪ್ಪನ ಕಾರಿಗೆ ಹದಿನಾಲ್ಕು ವರ್ಷ. ಎಂಜಿನ್ ಇನ್ನೂ ಗಟ್ಟಿಯಾಗಿತ್ತು, ಹಿಂದಿನ ಡಿಕ್ಕಿಯ ಬಾಗಿಲು ಮಾತ್ರ ಎತ್ತಿದರೆ ನಿಲ್ಲುತ್ತಿರಲಿಲ್ಲ. ಅದನ್ನು ಮೇಲೆ ಹಿಡಿಯುವ ಎರಡು ರಾಡುಗಳಲ್ಲಿ ಗ್ಯಾಸ್ ಹೋಗಿ ಎರಡು ವರ್ಷವಾಗಿತ್ತು. ಹೆಂಡತಿ ಶೈಲಾಳ ಬಟ್ಟೆ ಒಣಹಾಕುವ ಕೋಲು ಮುರಿದಾಗ, ಅದರ ಅರ್ಧ ತುಂಡನ್ನು ಆತ ಬಾಗಿಲಿಗೆ ಆನಿಕೆ ಕೊಟ್ಟು ಸಮಾಧಾನಪಟ್ಟುಕೊಂಡಿದ್ದ.

ಹೋದ ದೀಪಾವಳಿಗೆ ಬಂದಿದ್ದ ಅತ್ತೆ ಶಿವಗಂಗವ್ವ ತಮ್ಮೂರು ಇಂಡಿಗೆ ಹೊರಟಾಗ, ಡಬ್ಬಿ ಇಡಲು ಡಿಕ್ಕಿಯೊಳಗೆ ಬಗ್ಗಿದ್ದರು. ಬಾಗಿಲು ದಬಕ್ಕನೆ ಬಿತ್ತು. ಅತ್ತೆಯ ಅರ್ಧ ದೇಹ ಕಾರಿನಲ್ಲಿ, ಅರ್ಧ ಪುಣೆಯ ಕೊಂಢವಾ ಬಡಾವಣೆಯಲ್ಲಿ. ಹೊರಗೆಳೆದ ಮೇಲೆ ಅವರು ಬೆನ್ನು ನೀವಿಕೊಳ್ಳುವ ಮೊದಲೇ ತೀರ್ಪು ಕೊಟ್ಟರು.

“ಅಳಿಯ ಬೇಕಂತ ಕೋಲ ಎಳದಾನ!”

ಮುರುಗೆಪ್ಪ ಆಗ ಪಕ್ಕದಲ್ಲೇ ನಿಂತು ಮೊಬೈಲ್ ನೋಡುತ್ತಿದ್ದ. ತನ್ನ ಪರವಾಗಿ ಸಾಕ್ಷಿ ಹೇಳಲು ಅವನಿಗೇ ಏನೂ ಗೊತ್ತಿರಲಿಲ್ಲ. ಮರುದಿನ ಅಪಾರ್ಟ್‌ಮೆಂಟ್ ಸೊಸೈಟಿಯ ಫಲಕದ ಮೇಲೆ ಮರಾಠಿಯಲ್ಲಿ ಸೂಚನೆ ಬಂತು: ‘ಮುರುಗೆಪ್ಪ ಅವರ ಕಾರಿನ ಹಿಂದೆ ಬಗ್ಗುವವರು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಬಗ್ಗಬೇಕು.’ ಅತ್ತೆ ಹನ್ನೊಂದು ತಿಂಗಳಿಂದ ಅಳಿಯನ ಜೊತೆ ಮಾತು ಬಿಟ್ಟಿದ್ದರು.

ಇವತ್ತು ಅದೇ ಅತ್ತೆ ಮತ್ತೆ ಬರುವವರಿದ್ದರು. ಬೆಳಿಗ್ಗೆ ಶೈಲಾ ಊಟದ ಡಬ್ಬಿ ಕೈಗೆ ಕೊಡುತ್ತ ಹೇಳಿದಳು:

“ನೋಡ್ರಿ, ಐದಕ್ಕ ಅವ್ವನ ರೈಲು. ಅಷ್ಟರಾಗ ಡಿಕ್ಕಿ ರಿಪೇರಿ ಆಗಿರಬೇಕು. ಆಗಲಿಲ್ಲಂದ್ರ, ನೀವು ಬೇಕಂತನ ಬೀಳಿಸಿದ್ರಿ ಅಂತ ನಾನೂ ನಂಬತೀನಿ.”

“ನನ್ನ ಕೆಲಸಾನ ಅದಲ್ಲೇನು? ಇವತ್ತ ಹಾಕಸ್ತೀನಿ ತಗೋ” ಎಂದ ಮುರುಗೆಪ್ಪ.

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಮುರುಗೆಪ್ಪ ಗುಮಾಸ್ತನಾಗಿದ್ದದ್ದು ಭೋಸರಿಯಲ್ಲಿ, ಇಂಥ ಗ್ಯಾಸ್ ರಾಡುಗಳನ್ನೇ ತಯಾರಿಸುವ ಕಾರ್ಖಾನೆಯಲ್ಲಿ. ದಿನವೂ ನೂರಾರು ರಾಡುಗಳನ್ನು ಊರೂರಿಗೆ ಕಳಿಸುವವನು ತಾನು ಅಂಗಡಿಗೆ ಹೋಗಿ ಎರಡು ಕೊಂಡರೆ ಮರ್ಯಾದೆ ಏನಾದೀತು ಎಂದು ಎರಡು ವರ್ಷ ಕಳೆದಿದ್ದ. ಆದರೆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಬಸ್ಸಿನ ಸಾಮಾನು ಬಾಗಿಲಿನ ರಾಡು, ಕಾರಿನದಕ್ಕಿಂತ ಎಷ್ಟೋ ಪಟ್ಟು ಬಿರುಸಾದದ್ದು.

ಟೆಸ್ಟಿಂಗ್ ವಿಭಾಗದ ಸ್ವಪ್ನಿಲ್ ಅವನ ಗೋಳು ಕೇಳಿ ತೊಡೆ ತಟ್ಟಿದ. “ಟೆನ್ಶನ್ ಘೇಊ ನಕೋ!” ಎಂದು ಮರಾಠಿಯಲ್ಲಿ ಧೈರ್ಯ ಹೇಳಿದವನೇ ಮೇಜಿನ ಮೇಲಿದ್ದ ಹೊಸ ಜೋಡಿಯೊಂದನ್ನು ಎತ್ತಿಕೊಂಡ. ಉದ್ದ ಸರಿಯಿತ್ತು. ಊಟದ ಹೊತ್ತಿನಲ್ಲಿ ತುದಿಗಳನ್ನು ಬದಲಿಸಿ ಕಾರಿಗೆ ಹಾಕಿಯೇಬಿಟ್ಟ.

ಬಾಗಿಲು ಚಿಲಕ ಬಿಚ್ಚಿದ್ದೇ ತಡ, ಹೆಡ್‌ಮಾಸ್ತರರನ್ನು ಕಂಡ ಹುಡುಗನಂತೆ ಧಡಕ್ಕನೆ ಎದ್ದು ನಿಂತಿತು. ಮುಚ್ಚಲು ಮಾತ್ರ ಒಬ್ಬರ ಬಲ ಸಾಲಲಿಲ್ಲ. ಮುರುಗೆಪ್ಪ, ಸ್ವಪ್ನಿಲ್, ವಾಚ್‌ಮನ್ ಮೂವರೂ ಜೋತುಬಿದ್ದ ಮೇಲೆ ಕೆಳಗೆ ಬಂತು. ಆದರೂ ಮುರುಗೆಪ್ಪನಿಗೆ ಆಕಾಶಕ್ಕೆ ಮೂರೇ ಗೇಣು. ಇನ್ನು ಈ ಬಾಗಿಲು ಬೀಳಬೇಕೆಂದರೂ ಬೀಳದು! ಕೋಲಿನ ತುಂಡನ್ನು ಬೀಸಿ ಕಾಂಪೌಂಡಿನಾಚೆಯ ಗಟಾರಕ್ಕೆ ಎಸೆದ.

ಆಗ ಮಾಲೀಕ ಹಣಮಂತ್ರಾಯರ ಕೂಗು ಕೇಳಿಸಿತು. “ಕೊಲ್ಹಾಪುರದವರಿಗೆ ತೋರಸೋ ಸ್ಯಾಂಪಲ್ ಎಲ್ಲಿ ಹೋತೋ?”

ಸ್ವಪ್ನಿಲ್‌ನ ಮುಖ ಬಿಳಿಚಿತು. ಮೇಜಿನ ಮೇಲಿದ್ದದ್ದು ಅದೇ ಜೋಡಿ. ಬಸ್ ಕಟ್ಟುವ ಕೊಲ್ಹಾಪುರದ ದೊಡ್ಡ ಗಿರಾಕಿ ಅದನ್ನು ಪರೀಕ್ಷಿಸಲು ಹೊಟ್ಟೆ ಮುಂದೆ ಮಾಡಿಕೊಂಡು ಬಂದು ನಿಂತಿದ್ದರು. ಸಾಲದ್ದಕ್ಕೆ ಅವತ್ತು ಗುರುವಾರ, ಆ ಭಾಗಕ್ಕೆ ವಾರಕ್ಕೊಮ್ಮೆ ಕರೆಂಟ್ ತೆಗೆಯುವ ದಿನ. ಪರೀಕ್ಷೆಯ ಯಂತ್ರವೂ ಮಲಗಿತ್ತು.

ಮುರುಗೆಪ್ಪ ಎರಡು ಹೆಜ್ಜೆ ಮುಂದೆ ಬಂದ. ಹೇಗೋ ಅಂದ: “ಸಾವಕಾರ್ರ, ಕರೆಂಟ್ ಇಲ್ಲಂತ... ನನ್ನ ಗಾಡಿಗೆ ಹಾಕೇವ್ರಿ. ಗಿರಾಕಿ ಕಣ್ಣಾರೆ ನೋಡ್ಲಿ ಅಂತ.”

ಕೊಲ್ಹಾಪುರದವರು ಕಾರಿನ ಹಿಂದೆ ನಿಂತು ಬಾಗಿಲು ಬಿಚ್ಚಿದರು. ಧಡಕ್! ಅವರು ಎರಡೂ ಕೈಯಲ್ಲಿ ಅದನ್ನು ಹಿಡಿದು ತಮ್ಮ ಪೂರ್ಣ ಭಾರ ಬಿಟ್ಟು ಜೋತುಬಿದ್ದರು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. “ಏಕ್ ನಂಬರ್!” ಎಂದು ಅಲ್ಲೇ ನೇತಾಡುತ್ತ ಆರ್ಡರ್ ಕೊಟ್ಟರು.

ಹಣಮಂತ್ರಾಯರು ಮುರುಗೆಪ್ಪನನ್ನು ತಬ್ಬಿಕೊಂಡರು. “ಇಷ್ಟ್ ದಿವಸ ನೀ ದಡ್ಡ ಅಂತ ತಿಳಕೊಂಡಿದ್ನಲ್ಲೋ!”

ಮುರುಗೆಪ್ಪನ ಸುಖ ಐದು ನಿಮಿಷದ್ದು. ಕೊಲ್ಹಾಪುರದವರು ಒಂದು ಷರತ್ತು ಹಾಕಿದರು. ತಾವು ಒಪ್ಪಿದ್ದು ಈ ಜೋಡಿಯನ್ನು. ಇದಕ್ಕೆ ಸೀಲ್ ಹಾಕಿ ಇಡಬೇಕು, ಮುಂದೆ ಬರುವ ಮಾಲನ್ನೆಲ್ಲ ಇದರ ಜೊತೆಗೇ ಹೋಲಿಸಿ ನೋಡಬೇಕು. ಸ್ವಪ್ನಿಲ್ ತಲೆ ತಗ್ಗಿಸಿಕೊಂಡು ರಾಡುಗಳನ್ನು ಬಿಚ್ಚಿದ. ಗಿರಾಕಿ ಚೀಟಿಗೆ ಸಹಿ ಮಾಡಿದರು, ಹಣಮಂತ್ರಾಯರು ಕುಂಕುಮ ಹಚ್ಚಿ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಗಂಟೆ ನಾಲ್ಕಾಗಿತ್ತು. ಮುರುಗೆಪ್ಪ ಗಟಾರದ ಕಡೆ ಓಡಿದ. ಕೋಲು ತೇಲಿಹೋಗಿತ್ತು.

ಸ್ಟೇಷನ್ ಮುಂದೆ ಶಿವಗಂಗವ್ವ ಮೂರು ಚೀಲ, ಒಂದು ಡಬ್ಬಿಯೊಂದಿಗೆ ಕಾದಿದ್ದರು. ಮುರುಗೆಪ್ಪ ಡಿಕ್ಕಿಯ ಬಾಗಿಲನ್ನು ಎರಡೂ ಕೈಯಿಂದ ಎತ್ತಿ ಹಿಡಿದು ಕಂಬದಂತೆ ನಿಂತ. ಹಮಾಲ ಒಂದೊಂದೇ ಚೀಲ ಒಳಗಿಟ್ಟ. ಅತ್ತೆ ಡಿಕ್ಕಿಯೊಳಗೆ ಇಣುಕಿ ನೋಡಿ, ಹನ್ನೊಂದು ತಿಂಗಳ ಮೇಲೆ ಮೊದಲ ಮಾತು ಆಡಿದರು.

“ಕೋಲ ಎಲ್ಲೈತ್ರಿ ಅಳಿಯಂದ್ರ?”

“ಕಳೀತ್ರಿ ಅತ್ತಿ.”

“ಚಲೋ ಆತು ಬಿಡ್ರಿ. ನಡುವ ಅಡ್ಡ ಬರತಿತ್ತು ಹಾಳಾದ್ದು. ಹೋದ ಸಲ ಡಬ್ಬಿ ಹಿಡಿಸವಲ್ದು ಅಂತ ನಾನಽ ತೆಗದು ಬಾಜೂಕ ಇಟ್ಟಿದ್ದೆ...”

ಅತ್ತೆ ಥಟ್ಟನೆ ನಾಲಿಗೆ ಕಚ್ಚಿಕೊಂಡರು. ಮುರುಗೆಪ್ಪನ ಬಾಯಿ ಡಿಕ್ಕಿಗಿಂತ ಅಗಲವಾಗಿ ತೆರೆಯಿತು.

“ಅತ್ತೀ! ಮತ್ತ ನನ್ನ ಹೆಸರ ಯಾಕ ಹೇಳಿದ್ರಿ?”

“ಬೆನ್ನ ನೋವಿನಾಗ ಏನೋ ಬಾಯಿಗೆ ಬಂತು. ಆಮ್ಯಾಲ ತಿರುಗಿ ಹ್ಯಾಂಗ ಹೇಳೂದು? ಶೈಲಾಗ ಹೇಳೀರಿ ಮತ್ತ! ಹೇಳಿದ್ರ, ನಾ ಅಂದೇ ಇಲ್ಲ ಅಂತೀನಿ. ಆಕಿ ಯಾರ ಮಾತ ನಂಬತಾಳ ನೀವಽ ವಿಚಾರ ಮಾಡ್ರಿ.”

ಮುರುಗೆಪ್ಪ ಕೊಂಢವಾದವರೆಗೂ ವಿಚಾರ ಮಾಡಿದ. ಉತ್ತರ ಒಂದೇ ಬಂತು.

ಶೈಲಾ ಸೊಸೈಟಿಯ ಪಾರ್ಕಿಂಗಿನಲ್ಲೇ ಕಾಯುತ್ತಿದ್ದಳು. ಗಂಡ ಮತ್ತೆ ಎರಡು ಕೈಯೆತ್ತಿ ಬಾಗಿಲು ಹಿಡಿದು ನಿಂತದ್ದು ನೋಡಿ ಅವಳ ಹುಬ್ಬು ಗಂಟಿಕ್ಕಿತು.

“ರಾಡ್ ಎಲ್ಲಿ?”

“ಕಪಾಟಿನಾಗ.”

“ಕೋಲು?”

“ಗಟಾರದಾಗ.”

“ಹಂಗಾರ ಹೋದ ಸಲಾನೂ ನೀವು ಬೇಕಂತನ ಮಾಡೀರಿ!”

ಮುರುಗೆಪ್ಪ ಬಾಯಿ ತೆರೆಯುವಷ್ಟರಲ್ಲಿ ಶಿವಗಂಗವ್ವ ಮಗಳ ಭುಜ ಸವರಿದರು. “ಹೋಗ್ಲಿ ಬಿಡವಾ ಶೈಲಾ. ಎಷ್ಟಾದ್ರೂ ಅಳಿಯ. ನಾ ಎಲ್ಲಾ ಮಾಫ್ ಮಾಡೀನಿ.”

“ನೋಡ್ರಿ, ನನ್ನವ್ವನ ಮನಸ ಎಂಥಾದ್ದು!” ಎಂದು ಶೈಲಾ ಕಣ್ಣೊರೆಸಿಕೊಂಡಳು.

ಕೊನೆಯ ಚೀಲ ತೆಗೆಯಲು ಅತ್ತೆ ಮತ್ತೆ ಡಿಕ್ಕಿಯೊಳಗೆ ಬಗ್ಗಿದರು. ಬೆನ್ನು ಬಾಗಿಲಿನ ನೇರ ಕೆಳಗೇ ಇತ್ತು. ಹನ್ನೊಂದು ತಿಂಗಳು ಹೊತ್ತ ಸುಳ್ಳು ಅಪವಾದವನ್ನು ನಿಜ ಮಾಡಲು ಎರಡು ಕೈ ಸಡಿಲ ಬಿಟ್ಟರೆ ಸಾಕಿತ್ತು. ಮುರುಗೆಪ್ಪ ಆ ಬೆನ್ನು ನೋಡಿದ, ಹೆಂಡತಿಯ ಮುಖ ನೋಡಿದ, ಬಾಗಿಲನ್ನು ಇನ್ನೊಂದು ಗೇಣು ಮೇಲಕ್ಕೆತ್ತಿದ.

“ಹಾಂ, ಹಂಗಽ ಹಿಡೀರಿ” ಎಂದರು ಅತ್ತೆ ಒಳಗಿನಿಂದಲೇ. “ಕೋಲಿಗಿಂತ ನೀವಽ ಚಲೋ.”