ಬೀದರ್ ಬಂತು, ಇಳಿಯಿರಿ!

ದೊಡ್ಡಪ್ಪನ ಯಂತ್ರ ಇವತ್ತು ಕೆಟ್ಟು ನಿಂತರೆ ಸಾಕು ಎಂಬ ಪಾಪದ ಯೋಚನೆ ಇಂಚರಾಳನ್ನು ಬೆಳಗಿನಿಂದ ಕಾಡುತ್ತಿತ್ತು. ಕೆಡದಿದ್ದರೆ, ಅದನ್ನು ನೋಡಲು ಬರುವ ಪುರಸಭೆಯವರು ಒಪ್ಪುತ್ತಾರೆ. ಒಪ್ಪಿದರೆ ಊರು ಸುತ್ತಿದ ಹಾಗೆ ಇಡೀ ತಾಲ್ಲೂಕನ್ನೂ ಅವಳೇ ಸುತ್ತಬೇಕು. ಡಿಗ್ರಿ ಮುಗಿದ ಮೇಲೆ ಅವಳು ಮಾಡಿದ್ದು ನಡೆದದ್ದೊಂದೇ. ಯಾವುದು ಬಾವಿ, ಯಾವುದು ಗುಡಿ, ಯಾವುದರೊಳಗೆ ಯಾವುದು, ಯಾವುದರ ಹತ್ತಿರ ಯಾವುದು ಎಂದು ಜನರನ್ನು ಕೇಳಿ ಕೇಳಿ ಯಂತ್ರಕ್ಕೆ ಉಣಿಸಿದ್ದಳು. ಜನರೋ, ಏನು ಕೇಳಿದರೂ "ಇಲ್ಲೇ ಹತ್ತಿರ ಕಣಮ್ಮ" ಎಂದು ಕೈ ಬೀಸುವವರು! ಚಪ್ಪಲಿ ಸವೆದಿತ್ತು. ದೊಡ್ಡಪ್ಪನಿಗೆ ಎದುರಾಡದ ಬಾಯಿ ಮಾತ್ರ ಹೊಸದಾಗಿಯೇ ಇತ್ತು.

"ಇದು ಬರೀ ಆಟೋ ಅಲ್ಲ ಗೌರಮ್ಮೋರೇ!" ವರ್ಕ್‌ಶಾಪಿನ ಮುಂದೆ ರುದ್ರಮುನಿ ದೊಡ್ಡಪ್ಪ ಎದೆಯುಬ್ಬಿಸಿ ನಿಂತಿದ್ದರು. "ಡ್ರೈವರ್ ಬೇಡ! ಯಾವ ಜಾಗಕ್ಕೆ ಯಾವ ಜಾಗ ಏನಾಗ್ಬೇಕು ಅನ್ನೋದು ಇದರ ತಲೇಲಿ ಬಲೆ ಹೆಣೆದ ಹಾಗಿದೆ. ಮೇಲೆ ನನ್ನದೊಂದು ಸೂತ್ರ: ಹತ್ತಿರದ್ದಕ್ಕೆ ಹತ್ತಿರ ಇರೋದೂ ಹತ್ತಿರವೇ!"

ಆ ಸೂತ್ರ ಕೇಳಿದ ದಿನವೇ ಇಂಚರಾಳಿಗೆ ಎಲ್ಲೋ ಚುಚ್ಚಿತ್ತು. ಹೇಳಿರಲಿಲ್ಲ.

ಪುರಸಭೆ ಅಧ್ಯಕ್ಷೆ ಗೌರಮ್ಮ ಹತ್ತಿ ಕೂತರು. "ಆಸ್ಪತ್ರೆಗೆ ನಡಿಯಪ್ಪಾ."

"ಬಂತು, ಇಳಿಯಿರಿ," ಎಂದಿತು ಆಟೋ, ಕದಲದೆ.

"ಎಲ್ರೀ ಬಂತು? ಇನ್ನೂ ನಿಮ್ಮ ಗೇಟೇ ದಾಟಿಲ್ಲ!"

"ಗೇಟಿನ ಹತ್ತಿರ ಗಿರಣಿ. ಗಿರಣಿ ಹತ್ತಿರ ಸಂತೆಮಾಳ. ಸಂತೆಮಾಳದ ಹತ್ತಿರ ಆಸ್ಪತ್ರೆ. ಇಲ್ಲೇ ಹತ್ತಿರ. ಇಳಿಯಿರಿ."

ದೊಡ್ಡಪ್ಪ ಆಟೋದ ಬೆನ್ನಿಗೆ ಎರಡು ಗುದ್ದಿದರು. "ಮೊದಲ ದಿನದ ನಾಚಿಕೆ ಅಷ್ಟೇ! ಇನ್ನೊಂದು ಕೇಳಿ."

"ರೈಲ್ವೆ ಸ್ಟೇಷನ್ನು?"

"ಬಂತು, ಇಳಿಯಿರಿ."

"ಹಂಗಾದ್ರೆ ಬೀದರ್‌ಗೇ ನಡಿ!"

ಆಟೋ ತಿಣುಕಿತು. "ಸ್ಟೇಷನ್ ಹತ್ತಿರ ಹೈವೇ. ಹೈವೇ ಹತ್ತಿರ ಬೀದರ್. ಬೀದರ್ ಬಂತು, ಇಳಿಯಿರಿ!" ಎಂದು ಸೀಟನ್ನೇ ವಾಲಿಸಿ ಅಧ್ಯಕ್ಷೆಯನ್ನು ಕೆಳಗೆ ಜಾರಿಸಿತು.

"ಬಿಸಿಲು ನೋಡಿದ್ರೆ ಬೀದರ್ರೇ ಬಿಡಿ," ಎಂದು ಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

ದೊಡ್ಡಪ್ಪ ತಾವೇ ಹತ್ತಿ ಕೂತರು. "ಯಂತ್ರದ್ದೇನೂ ತಪ್ಪಿಲ್ಲ! ಮಾಹಿತಿ ಸಾಲದು. ಇಂಚರಾ, ನಾಳೆಯಿಂದ ಹಳ್ಳಿಗಳನ್ನ ಶುರು ಮಾಡಮ್ಮ. ಗುಡ್ಡದ ಆಚೆಯದ್ದೂ ಬಿಡ್ಬೇಡ. ಎಲ್ಲಾ ಇಲ್ಲೇ ಹತ್ತಿರ, ಒಂದು ಸುತ್ತು ನಡೆದು ಬಂದ್ಬಿಡು."

ಇಂಚರಾ ತನ್ನ ಬೊಕ್ಕೆ ಎದ್ದ ಹಿಮ್ಮಡಿ ನೋಡಿಕೊಂಡಳು. ಎಂದಿನ ಹಾಗೆ 'ಹೂಂ' ಎನ್ನದೆ ತಲೆಯೆತ್ತಿದಳು.

"ಹತ್ತಿರ ಅಲ್ಲ ದೊಡ್ಡಪ್ಪ. ದೂರ. ನನ್ನ ಕೈಲಾಗಲ್ಲ."

ಆಟೋ ಬೆಚ್ಚಿತು. ಊರಿನಲ್ಲಿ ಯಾರೊಬ್ಬರೂ ಆ ಮಾತನ್ನು ಅದಕ್ಕೆ ಹೇಳಿರಲೇ ಇಲ್ಲ! "ದೂರ...? ಹಾಗಾದರೆ ಇನ್ನೂ ಬಂದಿಲ್ಲ!" ಎಂದು ಗುನುಗಿ, ಗುರ್ರೆಂದು, ದೊಡ್ಡಪ್ಪನನ್ನು ಹೊತ್ತು ಹೈವೇ ಕಡೆ ಹೊರಟೇಬಿಟ್ಟಿತು.

"ಏಯ್, ನಿಲ್ಲೋ! ಎಲ್ಲಿಗೋ ಹೊರಟೆ!"

"ಬೀದರ್‌ಗೆ," ಎಂದಿತು ಆಟೋ.

ಗೌರಮ್ಮ ಧೂಳು ನೋಡುತ್ತ ನಿಂತರು. "ಊಟದ ಹೊತ್ತಿಗೆ ಬರ್ತಾರೇನಮ್ಮಾ?"

ಇಂಚರಾ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತಳು.

"ಇಲ್ಲ. ದೂರ ಇದೆ," ಎಂದಳು, ಈ ಸಲ ಸ್ವಲ್ಪ ಜೋರಾಗಿಯೇ.